ರೀ: ಹಿಮಾಚಲದ ನಗ್ಗರ್ ಕಡೆ ಸಿಮೆಂಟ್ ಇಲ್ದಿರೋ ಕಲ್ಲುಗೋಡೆ ಭೂಕಂಪಕ್ಕೆ ಬೀಳಲ್ವಾ?

ಸುಲಭಕ್ಕೆ ಬೀಳಲ್ಲ ಸರ್. ನೀವು ಕುಲು ಕಣಿವೆಲಿ ನೋಡಿದ್ದು ಕಾಠ್-ಕುಣಿ ಗೋಡೆ, ಬರೀ ಕಲ್ಲಲ್ಲ ಅದು, ಒಂದು ಸಾಲು ದೇವದಾರು ತೊಲೆ ಒಂದು ಸಾಲು ಕಲ್ಲು ಹಾಕ್ತಾ ಹೋಗ್ತಾರೆ, ಮೂಲೆಲಿ ತೊಲೆಗಳು ಒಂದರ ಮೇಲೊಂದು ಅಡ್ಡ ಕೂತು ಹಿಡ್ಕೊಂಡಿರ್ತವೆ, ಗಾರೆ ಇಲ್ದೆ ಇರೋದ್ರಿಂದ ನೆಲ ಅಲುಗಾಡಿದಾಗ ಕಲ್ಲುಗಳು ಸ್ವಲ್ಪ ಸ್ವಲ್ಪ ಜಾರಿ ಆ ಹೊಡೆತಾನ ತಾವೇ ತಿಂದ್ಕೊಳ್ತವೆ. 1905ರ ಕಾಂಗ್ಡಾ ಭೂಕಂಪದಲ್ಲಿ ಕಾಂಗ್ಡಾ ಕೋಟೆ ಹಾಳಾಯ್ತು, ಇದೇ ಥರ ಕಟ್ಟಿರೋ ನಗ್ಗರ್ ಕೋಟೆ ನಿಂತೇ ಇತ್ತು (ಕಾಂಗ್ಡಾದಿಂದ ದೂರಾನೂ ಇದೆ ಅನ್ನಿ). ಅಲ್ಲಿನ ಮನೆಗಳ ಕೆಳ ಅಂತಸ್ತಿಗೆ ಕಿಟಕಿ ಯಾಕಿಲ್ಲ ಅಂದ್ರಲ್ಲ, ಅಲ್ಲಿ ದನ ಕಟ್ಟೋದು, ಅವುಗಳ ಬಿಸಿ ಮೇಲಿನ ಕೋಣೆಗೆ ಏರತ್ತೆ. ನಮ್ಮ ಕಡೆ ಇದೇ ಥರ ಕಟ್ಟಿಸ್ಬೇಕು ಅಂತಿದ್ರೆ ಮೊದ್ಲು ಮರದ ರೇಟ್ ಕೇಳಿ, ದೇವದಾರು ಸಿಗೋದು ಕಷ್ಟ ಅಂತ ಅಲ್ಲಿನವರೇ ಈಗ ಕಾಂಕ್ರೀಟ್‌ಗೆ ಹೋಗ್ತಿದಾರೆ.