ಭಿನ್ನರಾಶಿ ಲೆಕ್ಕದ ಹಾರ್ಡ್‌ವೇರ್: ಫ್ಲೋಟಿಂಗ್ ಪಾಯಿಂಟ್ ಬೇಕಾ, ಫಿಕ್ಸೆಡ್ ಪಾಯಿಂಟ್ ಸಾಕಾ?

ಚಿಕ್ಕ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳುವ ಚಿಪ್), ಸೆನ್ಸರ್ ರೀಡಿಂಗ್‌ನ ಏರಿಳಿತ ನಯ ಮಾಡೋಕೆ ಒಂದು ಫಿಲ್ಟರ್. ಬಿಂದುವಿನ ಜಾಗ ಬದಲಾಗದ ಫಿಕ್ಸೆಡ್ ಪಾಯಿಂಟ್, ಬಿಂದು ಎಲ್ಲಿದೆ ಅಂತ ಪ್ರತಿ ಸಂಖ್ಯೆಯ ಜೊತೆ ಒಂದು ಘಾತ ಇಡುವ ಫ್ಲೋಟಿಂಗ್ ಪಾಯಿಂಟ್, ಎರಡರಲ್ಲಿ ಯಾವುದು ವೇಗ ಅಂತ ಕೇಳಿದ್ದೀರಿ. ನಾನೂ ಒಮ್ಮೆ ಇದನ್ನೇ ಕೇಳಿದ್ದೆ. ಫಿಕ್ಸೆಡ್ ಪಾಯಿಂಟ್ ಅಂತ ಸರಿಯಾದ ಉತ್ತರವೇ ಸಿಕ್ಕಿತ್ತು. ಆದರೂ ಮೂರು ವಾರ ಹಾಳಾಯಿತು.

ನನ್ನದು ಟೆಂಪರೇಚರ್ ಅಳೆಯುವ ಬೋರ್ಡ್. 0ರಿಂದ 100 ಡಿಗ್ರಿಯನ್ನು 0ರಿಂದ 1ರ ನಡುವಿನ ಭಿನ್ನರಾಶಿಯಾಗಿ 16 ಬಿಟ್‌ನಲ್ಲಿ ಕೂರಿಸಿದ್ದೆ. ಒಂದು ಬಿಟ್ ಚಿಹ್ನೆಗೆ, ಉಳಿದ 15 ಬಿಂದುವಿನ ಬಲಕ್ಕೆ. ಆ ಬಿಂದು ಇರೋದು ನಮ್ಮ ತಲೆಯಲ್ಲಿ ಮಾತ್ರ, ಚಿಪ್‌ಗೆ ಅದು ಬರೀ ಪೂರ್ಣಾಂಕ. ಕೂಡೋದು ಕಳೆಯೋದು ಸಾದಾ ಆಡರ್‌ನಲ್ಲೇ (ಕೂಡುವ ಸರ್ಕ್ಯೂಟ್) ಮುಗಿಯುತ್ತದೆ. ಫ್ಲೋಟಿಂಗ್ ಪಾಯಿಂಟ್ ಆದರೆ ಒಂದು ಸಲ ಕೂಡೋಕೂ ಘಾತ ಹೋಲಿಸಬೇಕು, ಚಿಕ್ಕ ಸಂಖ್ಯೆ ಸರಿಸಬೇಕು, ಕೂಡಿದ ಮೇಲೆ ಮತ್ತೆ ಸರಿಸಿ ರೌಂಡ್ ಮಾಡಬೇಕು. ಅಷ್ಟೆಲ್ಲ ಉಳಿಸಿದೆ ಅಂತ ಬೀಗುತ್ತಿದ್ದೆ.

ಫಿಲ್ಟರ್ ಒಂದೇ ಸಾಲು. ಹೊಸ ರೀಡಿಂಗ್‌ನಿಂದ ಹಳೆಯ ಉತ್ತರ ಕಳೆ, ವ್ಯತ್ಯಾಸವನ್ನು 256ರಿಂದ ಭಾಗಿಸಿ ಹಳೆಯದಕ್ಕೆ ಸೇರಿಸು. 256 ಅಂದರೆ 8 ಬಿಟ್ ಬಲಕ್ಕೆ ಸರಿಸಿದರೆ ಆಯ್ತು, ಡಿವೈಡರ್ (ಭಾಗಿಸುವ ಸರ್ಕ್ಯೂಟ್) ಬೇಡವೇ ಬೇಡ. ಹೊರಗೆ ಬಿದ್ದುಹೋಗುವ 8 ಬಿಟ್? ಚಿಲ್ಲರೆ, ಹೋಗಲಿ ಅಂದುಕೊಂಡೆ.

ಅಲ್ಲೇ ಎಡವಿದ್ದು. ವ್ಯತ್ಯಾಸ 255 ಇದ್ದಾಗ 8 ಬಿಟ್ ಸರಿಸಿದರೆ ಸಿಗೋದು ಸೊನ್ನೆ. ಸೊನ್ನೆ ಸೇರಿಸಿದರೆ ಉತ್ತರ ಅಲ್ಲೇ ನಿಲ್ಲುತ್ತದೆ, ಎಷ್ಟು ಹೊತ್ತು ಕಾದರೂ ಅಷ್ಟೇ. 32768ರಲ್ಲಿ 255 ಅಂದರೆ ನನ್ನ ಅಳತೆಯಲ್ಲಿ 0.78 ಡಿಗ್ರಿ. ಇಳಿಯುವಾಗ ಕಥೆಯೇ ಬೇರೆ. ಟೂಸ್ ಕಾಂಪ್ಲಿಮೆಂಟ್‌ನಲ್ಲಿ (ಚಿಪ್ ಋಣ ಸಂಖ್ಯೆ ಇಡುವ ರೀತಿ) −1 ಅನ್ನು ಚಿಹ್ನೆ ಉಳಿಸಿಕೊಂಡು ಎಷ್ಟು ಸಲ ಬಲಕ್ಕೆ ಸರಿಸಿದರೂ −1 ಆಗಿಯೇ ಉಳಿಯುತ್ತದೆ. ಹಾಗಾಗಿ ಕೆಳಕ್ಕೆ ಒಂದೊಂದೇ ಇಳಿದು ಸರಿಯಾದ ಜಾಗಕ್ಕೇ ಬರುತ್ತದೆ. ಬಿಸಿ ಏರುವಾಗ ಮುಕ್ಕಾಲು ಡಿಗ್ರಿ ಕಡಿಮೆ, ಆರುವಾಗ ಕರೆಕ್ಟ್. ಇದನ್ನು ನೋಡಿದವರು ಸೆನ್ಸರನ್ನು ಬೈಯುತ್ತಾರೆ, ಅಲ್ವಾ? ನಾನೂ ಬೈದೆ. ಎರಡು ಸಲ ಬದಲಾಯಿಸಿದೆ. ಆಮೇಲೆ ಆಂಪ್ಲಿಫೈಯರ್ ಸರದಿ.

ಕೊನೆಗೆ ಮಾಡಿದ್ದು ಇಷ್ಟೇ: ಉತ್ತರ ಇಡುವ ರಿಜಿಸ್ಟರನ್ನು 24 ಬಿಟ್‌ಗೆ ಅಗಲ ಮಾಡಿದೆ. ವ್ಯತ್ಯಾಸವನ್ನು ಸರಿಸದೆ ಹಾಗೇ ಅದಕ್ಕೆ ಸೇರಿಸುತ್ತೇನೆ, ಉತ್ತರ ಅಂತ ಮೇಲಿನ 16 ಬಿಟ್ ತಗೊಳ್ಳುತ್ತೇನೆ. ಚಿಲ್ಲರೆ ಕೆಳಗೆ ಕೂಡುತ್ತಾ 256 ತುಂಬಿದಾಗ ತಾನೇ ಮೇಲೆ ಹತ್ತುತ್ತದೆ. ಜಾಸ್ತಿ ಖರ್ಚಾಗಿದ್ದು ಎಂಟು ಫ್ಲಿಪ್-ಫ್ಲಾಪ್ (ತಲಾ ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್), ಸ್ವಲ್ಪ ಅಗಲದ ಆಡರ್. ಸಿಗ್ನಲ್ ಲೆಕ್ಕಕ್ಕೆಂದೇ ಮಾಡಿದ 16 ಬಿಟ್‌ನ ಹಲವು ಡಿಎಸ್‌ಪಿ ಚಿಪ್‌ಗಳು 40 ಬಿಟ್ ಅಕ್ಯುಮ್ಯುಲೇಟರ್ (ಮೊತ್ತ ಕೂಡಿಡುವ ರಿಜಿಸ್ಟರ್) ಇಟ್ಟುಕೊಂಡಿದ್ದು ಸುಮ್ನೆ ಅಲ್ಲ.

(1991ರಲ್ಲಿ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಕ್ಷಿಪಣಿ ತಡೆಯುವ ಪೇಟ್ರಿಯಟ್ ವ್ಯವಸ್ಥೆ ಸ್ಕಡ್ ಕ್ಷಿಪಣಿಯನ್ನು ತಡೆಯದೆ ಹೋಗಿದ್ದೂ ಚಿಲ್ಲರೆಯಿಂದಲೇ. ಗಡಿಯಾರದ ಎಣಿಕೆಯನ್ನು ಸೆಕೆಂಡಿಗೆ ತಿರುಗಿಸುವ 0.1 ಅನ್ನು 24 ಬಿಟ್‌ಗೆ ಕತ್ತರಿಸಿದ್ದರು. 100 ಗಂಟೆ ಓಡಿದ ಮೇಲೆ ಸಮಯ ಸುಮಾರು 0.34 ಸೆಕೆಂಡ್ ತಪ್ಪಿತ್ತು.)

ಆದ್ದರಿಂದ ‘ಯಾವುದು ವೇಗ’ ಅನ್ನೋದನ್ನು ಬಿಟ್ಟುಬಿಡಿ. ನಿಮ್ಮ ಸಂಖ್ಯೆ ಎಡಿಸಿಯಿಂದ (ಸೆನ್ಸರಿನ ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ) ಬರುತ್ತದೆ, ಅದರ ಗರಿಷ್ಠ ಮೊದಲೇ ಗೊತ್ತು. ಅಂಥದ್ದಕ್ಕೆ ಫ್ಲೋಟಿಂಗ್ ಪಾಯಿಂಟ್ ಹಾಕೋದು ನನ್ನ ಪ್ರಕಾರ ಸೋಮಾರಿತನ. ಸಂಖ್ಯೆ ಎಲ್ಲಿಯವರೆಗೆ ಬೆಳೆಯುತ್ತದೆ ಅಂತ ಹೇಳಲಾಗದಿದ್ದರೆ ಮಾತ್ರ ಅದು ಬೇಕು. ಮೊದಲು ಕಾಗದ ತೆಗೆದುಕೊಂಡು ಎಲ್ಲೆಲ್ಲಿ ಬಿಟ್ ಬಿಸಾಕುತ್ತೀರಿ ಅಂತ ಗುರುತು ಹಾಕಿ.

ಡಿವೈಡರ್ ಬಗ್ಗೆಯೂ ಕೇಳಿದ್ದೀರಿ. ಭಾಗಿಸುವ ಸಂಖ್ಯೆ ಬದಲಾಗದಿದ್ದರೆ ಬೇಡ. 10ರಿಂದ ಭಾಗಿಸೋಕೆ 52429ರಿಂದ ಗುಣಿಸಿ 19 ಬಿಟ್ ಬಲಕ್ಕೆ ಸರಿಸಿ. 0ರಿಂದ 65535ರವರೆಗೆ ಒಂದೂ ತಪ್ಪಲ್ಲ. ಗುಣಲಬ್ಧಕ್ಕೆ ಪೂರ್ತಿ 32 ಬಿಟ್ ಇಡಿ.

ಇನ್ನೊಂದು, ಸಿಮ್ಯುಲೇಷನ್‌ನಲ್ಲಿ ಏರುವ ಸಿಗ್ನಲ್ಲನ್ನೂ ಕೊಡಿ. ನಾನು ಇಳಿಯುವುದನ್ನು ಮಾತ್ರ ಕೊಟ್ಟಿದ್ದೆ.