ಸುರಂಗದ ಗೆಳೆಯನ ಮದುವೆಗೆ ಎರಡು ಮಾತು

ಕಾಸರಗೋಡಿನ ಬದಿಯಡ್ಕದಲ್ಲಿ ಗೆಳೆಯನ ಮದುವೆ, ಇಪ್ಪತ್ತು ವರ್ಷದ ಒಡನಾಟ, ಆದರೆ ಅವನ ನೀರಿನ ಸುರಂಗದ ಹುಚ್ಚನ್ನು ಧಾರವಾಡದ ಬೀಗರ ಮುಂದೆ ಹೇಳಬಹುದಾ ಎಂದು ಕೇಳಿದ್ದೀರಿ. ಖಂಡಿತ ಹೇಳಿ. ಅದನ್ನು ಬಿಟ್ಟರೆ ನಿಮ್ಮ ಮಾತು ಯಾವ ಮದುಮಗನಿಗಾದರೂ ಹೊಂದುತ್ತದೆ, ಅವನಿಗೊಬ್ಬನಿಗೆ ಬಿಟ್ಟು.

ಹುಚ್ಚು ಎಂಬ ಪದ ಮಾತ್ರ ಬೇಡ. ನಮ್ಮ ಕಾಸರಗೋಡಿನವರಿಗೆ ಸುರಂಗ ಗೊತ್ತು. ಧಾರವಾಡದವರಿಗೆ ಒಂದೆರಡು ವಾಕ್ಯದಲ್ಲಿ ಬಿಡಿಸಿ ಹೇಳಿ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ ಅದು, ಒಬ್ಬ ಹೋಗುವಷ್ಟೇ ಅಗಲ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ.

ಆಮೇಲೆ ನೀವೇ ಬರೆದ ಆ ಸಂಗತಿ. ಮೇ ತಿಂಗಳಲ್ಲಿ ನಿಮ್ಮ ಬಾವಿ ಬತ್ತಿದಾಗ ಅವನು ಟಾರ್ಚು ಹಿಡಿದು ಹಳೆಯ ಸುರಂಗಕ್ಕೆ ನುಗ್ಗಿದ್ದು, ಕುಸಿದ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ಹಾಕಿದ್ದು, ಸಂಜೆ ಅಡಿಕೆ ಮರ ಸೀಳಿ ಮಾಡಿದ ದಂಬೆಯ (ನೀರು ಹರಿಸುವ ದೋಣಿಯ) ತುದಿಯಲ್ಲಿ ನೂಲೆಳೆಯಷ್ಟು ನೀರು ಬಂದಾಗ ಮೊದಲ ಚೆಂಬನ್ನು ನಿಮ್ಮ ಅಮ್ಮನ ಕೈಗೆ ಕೊಟ್ಟದ್ದು. ಓದುವಾಗಲೇ ನನ್ನ ಗಂಟಲು ಕಟ್ಟಿತು. ಇದರ ಜೊತೆ ಇನ್ನೊಂದು ಕಥೆ ಸೇರಿಸಬೇಡಿ.

ಶಾಲೆಯ ಫಜೀತಿಗಳಂತೂ ಬೇಡವೇ ಬೇಡ. ನನ್ನ ಭಾವನ ಮದುವೆಯಲ್ಲಿ ಒಬ್ಬರು ಅದನ್ನೇ ಹೇಳಿದರು, ಅಕ್ಕ ತಲೆ ಎತ್ತಲಿಲ್ಲ.

ಧಾರೆ ಮುಗಿದ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ. ಊಟದ ಪಂಕ್ತಿಯಲ್ಲಿ ಚೂರ್ಣಿಕೆ, ಅಂದರೆ ಗಟ್ಟಿ ದನಿಯ ಸ್ತುತಿ, ಹೇಳುವ ಕ್ರಮ ಅವರಲ್ಲಿದ್ದರೆ, ಅದು ಮುಗಿದು ಹೋಳಿಗೆ ಬರುವ ಹೊತ್ತಿಗೆ ಎದ್ದು ನಿಲ್ಲಿ. 2 ನಿಮಿಷ ಸಾಕು. ಕೊನೆಗೆ ಮದುಮಗಳ ಕಡೆ ತಿರುಗಿ, “ಇಷ್ಟು ದಿನ ಹೊರಗೆ ಬುಟ್ಟಿ ಹಿಡಿದು ಕಾದದ್ದು ನಾನು, ಇನ್ನು ನೀವೂ ಬನ್ನಿ” ಎಂದು ಹೇಳಿ ಕುಳಿತುಕೊಳ್ಳಿ.