ಮೈಕೋರೈಜಾ ಹಾಕಿದರೂ ಬಳ್ಳಿ ಹೋಯ್ತು ಅನ್ನೋರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರದವು. ಮೈಕೋರೈಜಾ (ಬೇರಿನೊಳಗೆ ಬದುಕಿ ಗಿಡಕ್ಕೆ ನೆರವಾಗುವ ಶಿಲೀಂಧ್ರ), ಟ್ರೈಕೋಡರ್ಮಾ (ರೋಗಾಣುಗಳನ್ನು ತಡೆಯುವ ಶಿಲೀಂಧ್ರ) ಥರದ ಯಾವ ಜೀವಾಣು ಗೊಬ್ಬರ ಹಾಕಲಿ, ಎಷ್ಟು ಹಾಕಲಿ, ಯಾವ ಕಂಪನಿಯದ್ದು ಒಳ್ಳೆಯದು. ಹಾಕಿದ ಮೇಲೆ ಅದೇ ಬುಡಕ್ಕೆ ಮತ್ತೇನೇನು ಸುರಿದಿರಿ ಅನ್ನೋದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಶಿರಸಿ ಕಡೆಯ ಒಬ್ಬರು ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅವರಿಗೇ.

ಪ್ರಶ್ನೆ: ಅಡಿಕೆ ತೋಟದಲ್ಲಿ ಕಾಳುಮೆಣಸು ಇದೆ. ಕಳೆದ ಮಳೆಗಾಲದಲ್ಲಿ ತೋಟದ ಕೆಳಭಾಗದಲ್ಲಿ ವಾರಗಟ್ಟಲೆ ನೀರು ನಿಂತಿತ್ತು. ಜೂನ್‌ನಲ್ಲಿ ಮೈಕೋರೈಜಾ, ಟ್ರೈಕೋಡರ್ಮಾ ಎರಡೂ ಹಾಕಿದೆ. ಅದೇ ವಾರ ಬುಡಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕೊಟ್ಟೆ. ಆದರೂ ಕೆಲವು ಬಳ್ಳಿ ಸೊರಗಿದವು, ಆಗ ಅಂಗಡಿಯವರು ಹೇಳಿದ ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಸುರಿದೆ. ಏಪ್ರಿಲ್ ಬಿಸಿಲಿಗೆ ಉಳಿದವೂ ಹಳದಿಯಾದವು. ಈಗ ಒಬ್ಬರು ‘ಬರ, ನೆರೆ ಎರಡನ್ನೂ ತಡೆಯುವ ಮೈಕೋರೈಜಾ ದ್ರಾವಣ’ ಅಂತ ಬಾಟಲಿ ತಂದುಕೊಟ್ಟಿದ್ದಾರೆ. ಹಾಕಲೇ?

ಉತ್ತರ: ಬೇಡ. ಬಾಟಲಿಯನ್ನು ಪಕ್ಕಕ್ಕಿಡಿ. ಮೊದಲು ಜೂನ್‌ನಲ್ಲಿ ಏನಾಯಿತು ನೋಡೋಣ. ಎರಡು ಜೀವಿಗಳನ್ನು ದುಡ್ಡು ಕೊಟ್ಟು ತಂದು ಬುಡಕ್ಕೆ ಬಿಟ್ಟಿರಿ, ಅದೇ ವಾರ ಅವುಗಳ ಮೇಲೆ ಮೈಲುತುತ್ತ ಸುರಿದಿರಿ. ಮೈಲುತುತ್ತದ ತಾಮ್ರಕ್ಕೆ ನಮ್ಮವರು, ಪರರು ಅಂತ ಇಲ್ಲ. ಬೋರ್ಡೋ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೃಷಿ ವಿಜ್ಞಾನಿ ಕೋಲ್ಮನ್ ಅವರು ಮೈಸೂರು ಸೀಮೆಯಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದದ್ದು 1910ರಲ್ಲಿ. ಇವತ್ತಿಗೂ ಮಳೆಗಾಲದಲ್ಲಿ ಅಡಿಕೆ ಗೊನೆ ಉಳಿಸಲು ಎಲ್ಲರೂ ನಂಬಿರುವುದು ಬೋರ್ಡೋವನ್ನೇ. ಗೊನೆಗೆ ಹೊಡೆಯಿರಿ, ಬೇಡ ಅನ್ನುವುದಿಲ್ಲ. ಬಳ್ಳಿಯ ಬುಡಕ್ಕೆ ಕೊಡಲೇಬೇಕಾದರೆ ಅದಕ್ಕೂ ಟ್ರೈಕೋಡರ್ಮಾಕ್ಕೂ ನಡುವೆ ಎರಡು ಮೂರು ವಾರ ಬಿಡಿ. ನಾನಾದರೆ ಒಂದು ತಿಂಗಳು ಬಿಡುತ್ತೇನೆ. ಈ ವಿಷಯದಲ್ಲಿ ನನಗೆ ಅಂಜಿಕೆ ಜಾಸ್ತಿ.

ಕಾರ್ಬೆಂಡಜಿಮ್ ವಿಷಯಕ್ಕೆ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸೊರಗು ರೋಗ ತರುವ ಫೈಟೋಫ್ತೋರಾ ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿಗಳ ಕಡೆಯ ದೂರದ ನೆಂಟ. ಅದರ ಕಣಗಳಿಗೆ ಬಾಲ ಇರುತ್ತದೆ, ನಿಂತ ನೀರಿನಲ್ಲಿ ಈಜಿಕೊಂಡು ಬೇರಿಗೆ ಬಂದು ಅಂಟುತ್ತವೆ. ಕಾರ್ಬೆಂಡಜಿಮ್ ಅದನ್ನು ಏನೂ ಮಾಡುವುದಿಲ್ಲ. ಆದರೆ ಟ್ರೈಕೋಡರ್ಮಾವನ್ನು ಕೊಲ್ಲುತ್ತದೆ, ಬೇರಿನೊಳಗಿನ ಮೈಕೋರೈಜಾಕ್ಕೂ ಪೆಟ್ಟು ಕೊಡುತ್ತದೆ. ಕಳ್ಳನನ್ನು ಬಿಟ್ಟು ಕಾವಲಿನವನಿಗೆ ಹೊಡೆದ ಹಾಗಾಯಿತು ಅಲ್ವಾ? ಎಷ್ಟು ಸಲ ಹೇಳಿದರೂ ಪ್ರತಿ ಜುಲೈನಲ್ಲಿ ಅದೇ ಪೊಟ್ಟಣ ಮನೆಗೆ ಬರುತ್ತದೆ. ಸೊರಗಿಗೆ ಔಷಧಿ ಬೇಕೇ ಬೇಕು ಅಂದರೆ ಪೊಟ್ಯಾಸಿಯಂ ಫಾಸ್ಫೊನೇಟ್ ಇದೆ. ಅದು ಟ್ರೈಕೋಡರ್ಮಾ ಜೊತೆ ಹೊಂದಿಕೊಂಡು ಹೋಗುತ್ತದೆ. ಅಳತೆಯನ್ನು ತೋಟಗಾರಿಕೆ ಇಲಾಖೆಯಲ್ಲಿ ಕೇಳಿ, ಅಂಗಡಿಯಲ್ಲಿ ಅಲ್ಲ.

ಇನ್ನು ಏಪ್ರಿಲ್. ಬಳ್ಳಿ ಹಳದಿಯಾದದ್ದು ಬಿಸಿಲೊಂದರಿಂದಲೇ ಅಲ್ಲ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಸಣ್ಣ ಬೇರು ಸಾಯುತ್ತವೆ, ಅವುಗಳ ಜೊತೆ ಒಳಗಿನ ಮೈಕೋರೈಜಾವೂ ಹೋಗುತ್ತದೆ. ಮಳೆಗಾಲದಲ್ಲಿ ಮೇಲಿಂದ ಏನೂ ಗೊತ್ತಾಗುವುದಿಲ್ಲ, ಎಲೆ ಹಸಿರಾಗಿಯೇ ಇರುತ್ತದೆ. ಮಣ್ಣು ಒಣಗಿದಾಗಲೇ ಬೇರಿಲ್ಲದ್ದು ಬಯಲಾಗುವುದು. ಒಂದೆರಡು ಬಳ್ಳಿಯ ಸಣ್ಣ ಬೇರನ್ನೂ ತೊಳೆದು ನೋಡಿ. ಗಂಟು ಗಂಟಾಗಿದ್ದರೆ ಬೇರಿನ ಜಂತುಹುಳದ (ನೆಮಟೋಡ್) ಕಾಟವೂ ಇದೆ ಅಂತ ಅರ್ಥ. ಅದಕ್ಕೆ ಬೇರೆ ದಾರಿ, ಇನ್ನೊಮ್ಮೆ ಬರೆಯುತ್ತೇನೆ.

ಮೈಕೋರೈಜಾ ಅಂದರೆ ಏನು ಅಂತ ಕಣ್ಣಾರೆ ನೋಡಿದವರು ಅದಕ್ಕೆ ಹೀಗೆ ಮಾಡುವುದಿಲ್ಲ ಅಂತ ನನಗನ್ನಿಸುತ್ತದೆ. ಮೆಣಸಿನ ಬಳ್ಳಿಯ ದಾರದಂಥ ಬೇರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬೇಯಿಸಿ, ತೊಳೆದು, ಆಮೇಲೆ ವಿನೆಗರಿಗೆ ಪೆನ್ನಿನ ಶಾಯಿ ಬೆರೆಸಿ ಅದರಲ್ಲಿ ಒಂದಿಷ್ಟು ಹೊತ್ತು ಕುದಿಸಬೇಕು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೇರು ಗಾಜಿನ ಹಾಗೆ ತಿಳಿಯಾಗಿರುತ್ತದೆ, ಶಿಲೀಂಧ್ರ ಮಾತ್ರ ನೀಲಿ. ಕೋಶದೊಳಗೆ ಒಂದೊಂದು ಪುಟ್ಟ ಮರ, ಕವಲೊಡೆದು ಕವಲೊಡೆದು ಕೋಶವನ್ನೆಲ್ಲ ತುಂಬಿರುತ್ತದೆ. ಕೊಟ್ಟು ತಗೊಳ್ಳುವುದೆಲ್ಲ ಅಲ್ಲೇ. ಬಳ್ಳಿ ಸಕ್ಕರೆ, ಕೊಬ್ಬು ಕೊಡುತ್ತದೆ, ಶಿಲೀಂಧ್ರ ರಂಜಕವನ್ನೂ ನೀರನ್ನೂ ತರುತ್ತದೆ. ಗಿಡ ತಾನು ಬಿಸಿಲಿನಲ್ಲಿ ದುಡಿದದ್ದರಲ್ಲಿ ನೂರಕ್ಕೆ 4ರಿಂದ 20 ಪಾಲು ಈ ಜೊತೆಗಾರನಿಗೆ ಕೊಡುತ್ತದೆ. ಸುಮ್ನೆ ಯಾರೂ ಅಷ್ಟು ಕೊಡುವುದಿಲ್ಲ. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಅದನ್ನು ದೂರದಿಂದ ಹೆಕ್ಕಿ ತರಲು ಬೇರಿಗಿಂತ ಸಣ್ಣ ಎಳೆಯೇ ಬೇಕು. ಬೇಸಿಗೆಯಲ್ಲಿ ಬೇರು ಕುಗ್ಗಿ ಮಣ್ಣಿನಿಂದ ಬಿಟ್ಟುಕೊಂಡಾಗ ಆ ಸಂದನ್ನು ದಾಟಿ ನೀರು ತರುವುದೂ ಅದೇ ಎಳೆ.

ಈ ಜೊತೆಗಾರನನ್ನು ಕರೆಯುವುದು ಬೇರೇ. ರಂಜಕ ಸಾಲದಾಗ ಬೇರು ಸ್ಟ್ರೈಗೊಲ್ಯಾಕ್ಟೋನ್ ಅನ್ನುವ ವಸ್ತುವನ್ನು ಮಣ್ಣಿಗೆ ಬಿಡುತ್ತದೆ, ಅದು ತಾಗಿದ ಕೂಡಲೇ ಶಿಲೀಂಧ್ರ ಕವಲೊಡೆಯುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 2005ರಲ್ಲಿ ತೋರಿಸಿದರು. ಹಾಗಾದರೆ ನೀವು ಬುಡಕ್ಕೆ ರಂಜಕ ಇರುವ ಡಿಎಪಿ ಗೊಬ್ಬರವನ್ನು ರಾಶಿ ಹಾಕಿದರೆ ಏನಾಗುತ್ತದೆ? ಹೊಟ್ಟೆ ತುಂಬಿದ ಬೇರು ಕರೆಯುವುದನ್ನೇ ನಿಲ್ಲಿಸುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ರಂಜಕ ಹಾಕಬೇಡಿ.

ಬಾಟಲಿಗೆ ಬರೋಣ. ಈ ಜಾತಿಯ ಮೈಕೋರೈಜಾ ಜೀವಂತ ಬೇರಿಲ್ಲದೆ ಬೆಳೆಯುವುದೇ ಇಲ್ಲ. ಟ್ರೈಕೋಡರ್ಮಾ ಹಾಗಲ್ಲ, ಅದನ್ನು ಡಬ್ಬಿಯಲ್ಲೂ ಬೆಳೆಸಬಹುದು. ‘ಬೆಲ್ಲದ ನೀರಿನಲ್ಲಿ ಮೈಕೋರೈಜಾ ಕೋಟಿಗಟ್ಟಲೆ ವೃದ್ಧಿ ಮಾಡಿದ್ದೇವೆ’ ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ ಅಷ್ಟೆ. ಒಳ್ಳೆಯ ಮೈಕೋರೈಜಾ ಬರುವುದು ಗಿಡ ಬೆಳೆಸಿದ ಕುಂಡದ ಬೇರು, ಮಣ್ಣಿನ ಜೊತೆ ಅಥವಾ ಪ್ರಯೋಗಶಾಲೆಯಲ್ಲಿ ಬೇರಿನ ಮೇಲೇ ಬೆಳೆಸಿದ್ದು. ಅದನ್ನು ಕೊಡಬೇಕಾದ ಹೊತ್ತು ನರ್ಸರಿಯಲ್ಲಿ, ಕುಡಿಯನ್ನು ಪಾಲಿಥಿನ್ ಚೀಲಕ್ಕೆ ಹಾಕುವಾಗ, ಹೊಸ ಬೇರಿಗೆ ತಾಗುವ ಹಾಗೆ. ಹತ್ತು ವರ್ಷದ ಬಳ್ಳಿಯ ಬುಡದ ಮೇಲೆ ಎರಚಿದರೆ ದುಡ್ಡು ಹೋದಂತೆ.

ಇನ್ನೊಂದು ಮಾತು. ಕಷ್ಟ ತಾಳುವ ಗುಣ ಗಿಡದ್ದು ಮಾತ್ರ ಅಲ್ಲ, ಆ ಜಾಗದ ಜೊತೆಗಾರನದ್ದೂ ಹೌದು. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಬಿಸಿನೀರಿನ ಬುಗ್ಗೆಗಳ ಪಕ್ಕದ ಸುಡುಮಣ್ಣಿನಲ್ಲಿ ಒಂದು ಜಾತಿಯ ಹುಲ್ಲು ಬೆಳೆಯುತ್ತದೆ. ಅದರೊಳಗೆ ಒಂದು ಶಿಲೀಂಧ್ರ, ಶಿಲೀಂಧ್ರದೊಳಗೆ ಒಂದು ವೈರಸ್. ಮೂರೂ ಸೇರಿದರೆ 65 ಡಿಗ್ರಿ ಬಿಸಿಯ ಮಣ್ಣಿನಲ್ಲೂ ಹುಲ್ಲು ಉಳಿಯುತ್ತದೆ, ವೈರಸ್ ತೆಗೆದರೆ ಸಾಯುತ್ತದೆ. 2007ರಲ್ಲಿ ಇದು ಪ್ರಕಟವಾದಾಗ ನಾನು ಆ ಪ್ರಬಂಧವನ್ನು ಎರಡೆರಡು ಸಲ ಓದಿದೆ. ನಿಮ್ಮ ತೋಟದ ಮಳೆ, ಹುಳಿ ಮಣ್ಣು, ಏಪ್ರಿಲ್ ಬಿಸಿಲಿಗೆ ಒಗ್ಗಿದ ಶಿಲೀಂಧ್ರ ನಿಮ್ಮ ತೋಟದಲ್ಲೇ ಇದೆ. ಎಲ್ಲಿಂದಲೋ ಬಂದ ಪೊಟ್ಟಣ ಅದಕ್ಕಿಂತ ಮೇಲು ಅಂತ ಯಾಕೆ ಅಂದುಕೊಳ್ಳುತ್ತೀರಿ?

ಹಾಗಾಗಿ ನಿಮ್ಮ ಕೆಲಸ ಇದು. ಮೇ ಮುಗಿಯುವುದರೊಳಗೆ ಕೆಳಭಾಗದ ಬಸಿಗಾಲುವೆಯನ್ನು ಆಳ ಮಾಡಿ ಹೂಳೆತ್ತಿಸಿ; ಇದನ್ನು ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಸೊರಗಿ ಸತ್ತ ಬಳ್ಳಿಯನ್ನು ಬೇರುಸಮೇತ ತೆಗೆದು ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಬುಡವನ್ನು ಗುದ್ದಲಿಯಿಂದ ಕೆರೆಯುವುದನ್ನು ಬಿಡಿ. ಮಳೆ ಕಳೆದ ಮೇಲೆ ದರಕು (ಒಣಗಿದ ಎಲೆ) ಹೊದೆಸಿ. ನಮ್ಮ ಹಿರಿಯರು ಒಂದು ಎಕರೆ ತೋಟಕ್ಕೆ ಸೊಪ್ಪು, ದರಕು ತರಲು 9 ಎಕರೆವರೆಗೆ ಸೊಪ್ಪಿನ ಬೆಟ್ಟ ಇಟ್ಟುಕೊಂಡಿದ್ದರು, ಆ ಬೆಟ್ಟದಲ್ಲಿ ಈಗ ಏನು ಉಳಿದಿದೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ. ಟ್ರೈಕೋಡರ್ಮಾವನ್ನು ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಕಲಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ ಎರಡು ವಾರ ಬಿಟ್ಟು, ಹಸಿರು ಬೂಸ್ಟು ಬಂದ ಮೇಲೆ ಮಳೆ ಹಿಡಿಯುವ ಹೊತ್ತಿಗೆ ಹಾಕಿ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ. ಬೇರೆಯವರ ತೋಟದ ಮಣ್ಣು, ಕುಡಿ ತರಬೇಡಿ. ಪರಿಚಯದವರು ಪ್ರೀತಿಯಿಂದ ಕೊಟ್ಟ ಕುಡಿ ನೆಟ್ಟು ಎರಡೇ ಮಳೆಗಾಲದಲ್ಲಿ ನಾನು ಎಂಟು ಹಳೆಯ ಬಳ್ಳಿ ಕಳೆದುಕೊಂಡಿದ್ದೇನೆ. ಆಮೇಲೆ ಹೊರಗಿನಿಂದ ಒಂದು ಎಲೆಯನ್ನೂ ತಂದಿಲ್ಲ.

ಪ್ರಶ್ನೆ: ದರಕಿನ ಅಡಿಯಲ್ಲಿ ಬಿಳಿ ನೂಲು ಕಾಣುತ್ತದೆ, ಫೋಟೋ ಕಳಿಸಿದ್ದೇನೆ. ಮೈಕೋರೈಜಾ ಅಲ್ವಾ?

ಉತ್ತರ: ಅಲ್ಲ. ಎಲೆ ಕೊಳೆಸುವ ಬೇರೆ ಶಿಲೀಂಧ್ರ. ಅದೂ ಒಳ್ಳೆಯದೇ, ಇರಲಿ ಬಿಡಿ.

ಪ್ರಶ್ನೆ: ಎಲೆಕೋಸು, ಮೂಲಂಗಿಗೆ ಮೈಕೋರೈಜಾ ಎಷ್ಟು ಹಾಕಬೇಕು?

ಉತ್ತರ: ಹಾಕಬೇಡಿ. ಸಾಸಿವೆ ಕುಟುಂಬದ ಬೇರು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಕಿ ಅಂದವರಿಂದ ಮುಂದೆ ಏನನ್ನೂ ಕೊಳ್ಳಬೇಡಿ.

ಪ್ರಶ್ನೆ: ಕಾರವಾರದ ಸಮುದ್ರ ದಂಡೆಯ ಹತ್ತಿರ ಮನೆ. ಗಾಳಿಮರದ ಬೇರಿನಲ್ಲಿ ಗಂಟು ಗಂಟು ಉಂಡೆ ಇವೆ. ರೋಗವೇ?

ಉತ್ತರ: ರೋಗ ಅಲ್ಲ ಮಾರಾಯ್ರೆ, ಆ ಮರದ ಅನ್ನ. ಉಂಡೆಯೊಳಗೆ ಫ್ರಾಂಕಿಯಾ ಅನ್ನುವ ಬ್ಯಾಕ್ಟೀರಿಯಾ ಇದೆ, ಗಾಳಿಯ ಸಾರಜನಕ ಹಿಡಿದು ಮರಕ್ಕೆ ಕೊಡುತ್ತದೆ. ಬರೀ ಮರಳಿನಲ್ಲಿ ಆ ಮರ ಅಷ್ಟೆತ್ತರ ಹೋಗುವುದಕ್ಕೆ ಇದೂ ಕಾರಣ. ಮುಟ್ಟಬೇಡಿ.

ಪ್ರಶ್ನೆ: ಕುಮಟಾದ ಗಜನಿ (ಉಬ್ಬರದ ಉಪ್ಪುನೀರು ತಲುಪುವ ತಗ್ಗು) ಗದ್ದೆ. ಕಟ್ಟೆ ಒಡೆದು ಉಪ್ಪುನೀರು ನುಗ್ಗಿದೆ. ಉಪ್ಪು ತಿನ್ನುವ ಬ್ಯಾಕ್ಟೀರಿಯಾ ಪುಡಿ ಮಾರುತ್ತಿದ್ದಾರೆ. ತರಲೇ?

ಉತ್ತರ: ಉಪ್ಪು ತಿಂದು ಖಾಲಿ ಮಾಡುವ ಬ್ಯಾಕ್ಟೀರಿಯಾ ಇಲ್ಲ. ಉಪ್ಪಿನ ಕಷ್ಟದಲ್ಲಿ ಗಿಡ ಎಥಿಲೀನ್ ಜಾಸ್ತಿ ಮಾಡಿಕೊಂಡು ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ. ಬೇರಿನ ಕೆಲವು ಬ್ಯಾಕ್ಟೀರಿಯಾ ಆ ಎಥಿಲೀನ್ ಆಗುವ ಸಾಮಗ್ರಿಯನ್ನೇ ಒಡೆದು ಹಾಕುತ್ತವೆ. ಅಷ್ಟರಿಂದ ಗಿಡ ಸ್ವಲ್ಪ ತಾಳಿಕೊಳ್ಳುತ್ತದೆ, ಗದ್ದೆಯ ಉಪ್ಪು ಗದ್ದೆಯಲ್ಲೇ ಇರುತ್ತದೆ. ಅದನ್ನು ತೊಳೆಯುವುದು ಮಳೆ. ಆ ದುಡ್ಡಿನಲ್ಲಿ ಕಟ್ಟೆ ಕಟ್ಟಿಸಿ, ಮೊದಲ ಮಳೆಯ ನೀರನ್ನು ಗದ್ದೆಗೆ ನಿಲ್ಲಿಸಿ ಇಳಿತದ ಹೊತ್ತಿಗೆ ಹೊರಗೆ ಬಿಡಿ. ಮಾಣಿಕಟ್ಟಾ ಕಡೆ ಉಪ್ಪು ತಾಳುವ ಕಗ್ಗ ಭತ್ತದ ಬೀಜ ಇಟ್ಟುಕೊಂಡವರು ಇನ್ನೂ ಇದ್ದಾರೆ, ಬಿತ್ತನೆಗೆ ಮೊದಲೇ ಹೋಗಿ ಕೇಳಿ.